ಒಂಬತ್ತು ಚುಕ್ಕಿಯ ಜ್ಞಾನೋದಯ

ಏಪ್ರಿಲ್ 21 ವಿಶ್ವ ಸೃಜನಶೀಲತೆ ಮತ್ತು ನಾವೀನ್ಯ ದಿನವಂತೆ. 2017ರಲ್ಲೇ ವಿಶ್ವಸಂಸ್ಥೆ ಠರಾವು ಮಾಡಿದೆ. ನಮ್ಮ ಆಫೀಸಿಗೆ ಈ ವರ್ಷ ಗೊತ್ತಾಯಿತು. ಸೃಜನಶೀಲತೆ ಕಲಿಸುವ ಕಾರ್ಯಾಗಾರವಿದೆ ಎಂದು ಎಚ್‌ಆರ್‌ನಿಂದ ಮೇಲ್ ಬಂತು: "ಸೃಜನಶೀಲತೆ ಎಲ್ಲರ ಸ್ವತ್ತು. ಹಾಜರಾತಿ ಕಡ್ಡಾಯ. ಮ್ಯಾನೇಜರ್ ಒಪ್ಪಿಗೆ ಪಡೆದೇ ಬರತಕ್ಕದ್ದು."

ತಲೆಗೆ ಇಂತಿಷ್ಟು ಫೀಸು, ಅದರ ಮೇಲೆ 18% ಜಿಎಸ್‌ಟಿ. ಹುಟ್ಟಿನಿಂದ ಎಲ್ಲರಲ್ಲೂ ಇರುವ ವಸ್ತುವಿಗೇ ಬಿಲ್ ಹಾಕುವ ಉಪಾಯ ಯಾರಿಗೆ ಹೊಳೆಯಿತೋ, ಆ ಪುಣ್ಯಾತ್ಮನಿಗೆ ನಮಸ್ಕಾರ. ಅವತ್ತು ಅಲ್ಲಿ ಕಂಡ ಅಪ್ಪಟ ಸೃಜನಶೀಲತೆ ಅದೊಂದೇ.

ಮೊದಲು ಹಳದಿ ಚೀಟಿ ಹಂಚಿ, "ಮನಸ್ಸಿಗೆ ಬಂದದ್ದು ಬರೀರಿ, ತಪ್ಪು ಸರಿ ಅಂತ ಏನಿಲ್ಲ" ಅಂದರು. ನನ್ನ ಚೀಟಿ ಮಾತ್ರ ಗೋಡೆಯಿಂದ ಕಿತ್ತರು. (ಊಟ ಎಷ್ಟು ಹೊತ್ತಿಗೆ ಅಂತ ಬರೆದಿದ್ದೆ.) ಆಮೇಲೆ ವಿದೇಶದಲ್ಲೆಲ್ಲೋ ತರಕಾರಿ ಸಿಪ್ಪೆಯಲ್ಲೂ ಅಡುಗೆ ಮಾಡುತ್ತಾರೆಂದು ಸ್ಲೈಡು ತೋರಿಸಿದರು. ಬೆರಗಾಗಿ ಎಲ್ಲರೂ ಫೋಟೊ ತೆಗೆದುಕೊಂಡೆವು. ಪಕ್ಕದವರ ಡಬ್ಬಿಯಲ್ಲಿ ಅವರಮ್ಮ ಅರೆದು ಕಳಿಸಿದ ಹೀರೇಕಾಯಿ ಸಿಪ್ಪೆ ಚಟ್ನಿ, ಎಳ್ಳು ಹುಣಸೆಹಣ್ಣಿನ ಸಮೇತ, ತೆಪ್ಪಗೆ ಕೂತಿತ್ತು. ಅಜ್ಜಿ ಹಳೇ ಸೀರೆ ಕೂಡಿಸಿ ಹೊಲಿದ ಕೌದಿ ಹೊದ್ದು ಬೆಳೆದ ಹುಬ್ಬಳ್ಳಿ ಹುಡುಗ 'ಅಪ್‌ಸೈಕ್ಲಿಂಗ್' ಎಂಬ ಪದವನ್ನು ದುಂಡಗೆ ಬರೆದುಕೊಂಡ.

ಕೊನೆಗೆ ಬಂತು ಬ್ರಹ್ಮಾಸ್ತ್ರ. ಬಿಳಿ ಬೋರ್ಡಿನ ಮೇಲೆ ಸಾಲಿಗೆ ಮೂರರಂತೆ 9 ಚುಕ್ಕಿ. ಪೆನ್ನೆತ್ತದೆ ನಾಲ್ಕೇ ನೇರ ಗೆರೆಯಲ್ಲಿ ಅಷ್ಟನ್ನೂ ಕೂಡಿಸಬೇಕು. ಗೆರೆ ಚೌಕ ದಾಟಿ ಹೊರಗೆ ಹೋದರಷ್ಟೇ ಸಾಧ್ಯ. ನೂರು ವರ್ಷಕ್ಕೂ ಹಳೆಯ ಒಗಟಿದು. ಹೊಸದಾಗಿ ಯೋಚಿಸಲು ಕಲಿಸುವವರೆಲ್ಲ ಇದೊಂದನ್ನೇ ಕಂಕುಳಲ್ಲಿಟ್ಟುಕೊಂಡು ಊರೂರು ತಿರುಗುತ್ತಿದ್ದಾರೆ. ನಮ್ಮಲ್ಲಿ ಯಾರಿಗೂ ಬರಲಿಲ್ಲ. ಉತ್ತರ ಸ್ಲೈಡಿನಲ್ಲಿತ್ತು. ಚಪ್ಪಾಳೆ, ಸರ್ಟಿಫಿಕೇಟು, ಗ್ರೂಪ್ ಫೋಟೊ.

ಮರೆತ ಚಾರ್ಜರ್‌ಗಾಗಿ ವಾಪಸು ಬಂದಾಗ ಹೌಸ್‌ಕೀಪಿಂಗ್ ಅಕ್ಕ ಡಸ್ಟರ್ ಹಿಡಿದು ಬೋರ್ಡ್ ಮುಂದೆ ನಿಂತಿದ್ದರು. ಹಬ್ಬಕ್ಕೆ ನಮ್ಮ ರಿಸೆಪ್ಶನ್ ನೆಲದಲ್ಲಿ 15ರಿಂದ 8ರವರೆಗೆ ಮಧ್ಯಚುಕ್ಕಿ ಇಟ್ಟು, ಪುಸ್ತಕವಿಲ್ಲದೆ ನವಿಲು ಎಬ್ಬಿಸುವವರು ಇವರೇ. ಪುಡಿ ಸಾಲದಿದ್ದರೆ ರೆಕ್ಕೆಯನ್ನೇ ಕೊಂಚ ಮಡಿಸಿಬಿಡುತ್ತಾರೆ.

"ಒರೆಸ್ಲಾ ಸಾರ್?"

"ಒರೆಸಿ ಅಕ್ಕ, ಮುಗೀತು."

"ಮುಗೀತಾ? ಚುಕ್ಕಿ ಇಡ್ತಾ ಇಡ್ತಾ ಅರ್ಧಕ್ಕೆ ಬಿಟ್ಟು ಊಟಕ್ಕೆ ಹೋಗವ್ರೆ ಅಂದ್ಕೊಂಡು ಕಾಯ್ತಿದ್ದೆ."