ಬೆಲೆ ಆಮೇಲೆ, ಮೊದಲು ಕೋಡ್ ಯಾರ ಕೈಯಲ್ಲಿದೆ ನೋಡಿ

ಕಂಪ್ಯೂಟರ್ ನಡೆಸುವ ಆಪರೇಟಿಂಗ್ ಸಿಸ್ಟಂಗಳಲ್ಲಿ ದುಡ್ಡು ಕೊಟ್ಟು ಕೊಳ್ಳುವ ಯುನಿಕ್ಸ್ ಒಳ್ಳೇದಾ, ಅದೇ ಮಾದರಿಯ, ಪುಕ್ಕಟೆ ಸಿಗುವ ಲಿನಕ್ಸ್, ಬಿಎಸ್‌ಡಿಗಳು ಒಳ್ಳೇದಾ? ಈ ಚರ್ಚೆ ಶುರುವಾದರೆ ಎಲ್ಲರೂ ಲೈಸೆನ್ಸ್ ಖರ್ಚನ್ನೇ ಹಿಡಿದು ಕೂರುತ್ತಾರೆ. ನನ್ನ ಪ್ರಶ್ನೆ ಬೇರೆ. ಕಂಪನಿ ಕೈಬಿಟ್ಟ ದಿನ ಆ ಸಿಸ್ಟಂ ಗತಿ ಏನು?

ಐರಿಕ್ಸ್ ನೋಡಿ. ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಯುನಿಕ್ಸ್ ಅದು. ಕಂಪನಿ ಮುಳುಗಿತು, ಐರಿಕ್ಸ್ ಕೂಡ ಹೋಯಿತು. ಆದರೆ ಅದರೊಳಗಿದ್ದ, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಂ ಉಳಿದುಕೊಂಡಿತು. ಯಾಕಂದ್ರೆ ಕಂಪನಿ ಬದುಕಿದ್ದಾಗಲೇ ಅದರ ಕೋಡನ್ನು, ಅಂದರೆ ಪ್ರೋಗ್ರಾಂನ ಮೂಲ ಬರಹವನ್ನು, ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ ಜಿಪಿಎಲ್ ಲೈಸೆನ್ಸ್‌ನಲ್ಲಿ ಲಿನಕ್ಸ್‌ಗೆ ಕೊಟ್ಟಿತ್ತು. 2014ರಲ್ಲಿ ಬಂದ, ರೆಡ್ ಹ್ಯಾಟ್ ಕಂಪನಿ ಮಾರುವ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7ಕ್ಕೆ ಅದೇ ಡೀಫಾಲ್ಟ್.

ಸೋಲಾರಿಸ್ ಕಥೆ ಇನ್ನೂ ಕಣ್ಣಿಗೆ ಹೊಡೆಯುವಂಥದ್ದು. ಈ ಯುನಿಕ್ಸ್ ಮಾಡಿದ ಸನ್ ಕಂಪನಿ 2005ರಲ್ಲಿ ಓಪನ್‌ಸೋಲಾರಿಸ್ ಹೆಸರಲ್ಲಿ ಅದರ ಕೋಡನ್ನು ಎಲ್ಲರಿಗೂ ತೆರೆದಿಟ್ಟಿತು. 2010ರಲ್ಲಿ ಒರಾಕಲ್ ಸನ್ ಅನ್ನು ಕೊಂಡು, ಆ ಬಾಗಿಲು ಮುಚ್ಚಿತು. ಆದರೆ ಕೊಟ್ಟಾಗಿದ್ದನ್ನು ಕಿತ್ತುಕೊಳ್ಳಲು ಆಗಲ್ಲ, ಅಲ್ವಾ? ಆ ಕೋಡಿನಿಂದ ಇಲ್ಯೂಮೋಸ್ ಎಂಬ ಪುಕ್ಕಟೆ ಸಿಸ್ಟಂ ಬೆಳೆಯಿತು. ಸೋಲಾರಿಸ್‌ನ ಫೈಲ್ ಸಿಸ್ಟಂ ಝಡ್‌ಎಫ್‌ಎಸ್ ಇವತ್ತು ಫ್ರೀಬಿಎಸ್‌ಡಿಯಲ್ಲೂ ಲಿನಕ್ಸ್‌ನಲ್ಲೂ ಓಡುತ್ತಿದೆ. ಡಿಸ್ಕಿಗೆ ಬರೆದ ಪ್ರತಿ ಬ್ಲಾಕಿಗೂ ಅದು ಚೆಕ್‌ಸಮ್, ಅಂದರೆ ಬರೆದದ್ದರಿಂದಲೇ ಲೆಕ್ಕ ಹಾಕಿದ ಒಂದು ಗುರುತು ಸಂಖ್ಯೆ ಇಡುತ್ತದೆ, ಓದುವಾಗ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಮಿರರ್, ಅಂದರೆ ಅದೇ ಮಾಹಿತಿ ಇಟ್ಟ ಇನ್ನೊಂದು ಡಿಸ್ಕ್ ಇದ್ದರೆ, ಅಲ್ಲಿರುವ ಸರಿಯಾದ ಪ್ರತಿ ತೆಗೆದು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಇಂಥ ಕೆಲಸ ಯಾರದೋ ವ್ಯಾಪಾರದ ಜೊತೆ ಮಣ್ಣಾಗಿದ್ದರೆ ನನಗಂತೂ ಹೊಟ್ಟೆ ಉರಿಯುತ್ತಿತ್ತು.

ಪುಕ್ಕಟೆ ಸಿಸ್ಟಂಗಳಲ್ಲೂ ಕೈಕೊಡುವವರಿದ್ದಾರೆ, ಒಪ್ಪುತ್ತೇನೆ. ರೆಡ್ ಹ್ಯಾಟ್ ಲಿನಕ್ಸ್‌ನ ಪುಕ್ಕಟೆ ರೂಪವಾದ ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಅಪ್‌ಡೇಟ್ ಸಿಗುತ್ತೆ ಅಂತ ಜನ ನಂಬಿದ್ದರು. 2021ರ ಕೊನೆಗೇ ಮುಗಿಸುತ್ತೇವೆ ಅಂತ ರೆಡ್ ಹ್ಯಾಟ್ 2020ರ ಡಿಸೆಂಬರಿನಲ್ಲಿ ಹೇಳಿಬಿಟ್ಟಿತು. ಸರ್ವರ್ ನೋಡಿಕೊಳ್ಳುವವರಿಗೆ ಸಿಟ್ಟು ಬಂದಿದ್ದು ಸರಿಯೇ. ಆದರೆ ಮರುವರ್ಷವೇ ಅದರ ಜಾಗ ತುಂಬಲು ಆಲ್ಮಾ, ರಾಕಿ ಎಂಬ ಪುಕ್ಕಟೆ ಲಿನಕ್ಸ್‌ಗಳು ಎರಡೂ ಬಂದವು. ಎಚ್‌ಪಿ ಕಂಪನಿಯ ಯುನಿಕ್ಸ್ ಆದ ಎಚ್‌ಪಿ-ಯುಎಕ್ಸ್ ನಂಬಿದವರು ಹಾಗೆ ತಾವೇ ಮುಂದುವರಿಸುತ್ತೇವೆ ಅಂತ ಹೊರಡೋಕೆ ಆಗುತ್ತಾ? ಕೋಡೇ ಕೈಯಲ್ಲಿಲ್ಲ.

ಹಾಗಂತ ದುಡ್ಡು ಕೊಡುವುದು ದಂಡ ಅಂತ ನಾನು ಹೇಳಲ್ಲ. ದೊಡ್ಡ ಡೇಟಾಬೇಸ್ ನಿಂತುಹೋದಾಗ ನಡುರಾತ್ರಿಯಲ್ಲಿ ಫೋನ್ ಎತ್ತೋರು ಬೇಕೇ ಬೇಕು. ಎಐಎಕ್ಸ್ ಎಂಬ ಯುನಿಕ್ಸ್‌ನಲ್ಲಿ ಸಾಫ್ಟ್‌ವೇರ್, ಮೆಷಿನ್ ಎರಡಕ್ಕೂ ಐಬಿಎಂ ಒಂದೇ ಜವಾಬ್ದಾರಿ. ಅದಕ್ಕೆ ಬೆಲೆ ಇದೆ. ಆದರೆ ಅಂಥ ಸಪೋರ್ಟ್ ಲಿನಕ್ಸ್‌ಗೂ ಕೊಳ್ಳಬಹುದು.

ನನಗೆ ಬೇಸರ ತರುವುದು, ಪುಕ್ಕಟೆ ಅಂತ ತಗೊಂಡು ತಿರುಗಿಯೂ ನೋಡದ ಕಂಪನಿಗಳು. ಇಂಟರ್ನೆಟ್ಟಿನಲ್ಲಿ ಓಡಾಡುವ ಮಾಹಿತಿಯನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಹೊರಬಿದ್ದಾಗ ಗೊತ್ತಾಯಿತು, ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯಷ್ಟು ಜನ. ಲೈಸೆನ್ಸ್‌ನಲ್ಲಿ ಉಳಿಸಿದ ದುಡ್ಡಲ್ಲಿ ಒಂದು ಪಾಲು ಇಂಥವರಿಗೆ ಹೋಗಲೇಬೇಕು. ದಾನ ಅಂತಲ್ಲ, ಸಂಬಳ ಅಂತ.