ಐವತ್ತು ವರ್ಷ ಬಾಯಿ ಬಿಡದ ಇಬ್ಬರು

ಈ ನಾಟಕ ತುಮಕೂರಿನಲ್ಲಿ ಪೂರ್ತಿಯಾಗಿ ರಂಗದ ಮೇಲೆ ಬರಲೇಬೇಕು ಅನ್ನುವುದು ನನ್ನ ಹಟ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ, ಪುರುಸೊತ್ತು ಮಾಡಿಕೊಂಡು ಓದಿ.

ನಾಟಕದ ಹೆಸರು ‘ದ ಶೂ-ಹಾರ್ನ್ ಸೊನಾಟಾ’. ಶೂ-ಹಾರ್ನ್ ಅಂದರೆ ಬೂಟಿನೊಳಗೆ ಹಿಮ್ಮಡಿ ಜಾರಿಸಲು ಬಳಸುವ ಪಟ್ಟಿ, ಸೊನಾಟಾ ಅಂದರೆ ಪಾಶ್ಚಾತ್ಯ ಸಂಗೀತದ ಒಂದು ಬಗೆಯ ಕೃತಿ. ಆಸ್ಟ್ರೇಲಿಯಾದ ಜಾನ್ ಮಿಸ್ಟೊ ಬರೆದದ್ದು, 1995ರಲ್ಲಿ ಸಿಡ್ನಿಯಲ್ಲಿ ಮೊದಲ ಸಲ ಆಡಿದ್ದು. ನಮ್ಮೂರಿನ ಕೆಲವು ಹವ್ಯಾಸಿ ಗೆಳೆಯರು ಇದನ್ನು ಕನ್ನಡಕ್ಕೆ ತಂದು, ಮೊನ್ನೆ ಸೋಮೇಶ್ವರಪುರಂನ ಒಂದು ಮನೆಯ ಮಹಡಿಯಲ್ಲಿ ಓದಿದರು. ಎರಡು ಕುರ್ಚಿ, ಕೈಯಲ್ಲಿ ಜೆರಾಕ್ಸ್ ಹಾಳೆ, ಅಷ್ಟೇ.

ಬ್ರಿಡಿ ಆಸ್ಟ್ರೇಲಿಯಾದ ಮಿಲಿಟರಿ ನರ್ಸ್. ಶೀಲಾ ಇಂಗ್ಲಿಷ್ ಹುಡುಗಿ. ಇಬ್ಬರೂ ಎರಡನೇ ಮಹಾಯುದ್ಧದಲ್ಲಿ ಜಪಾನಿಯರ ಸೆರೆಯಲ್ಲಿ ಒಟ್ಟಿಗೆ ಇದ್ದವರು. ಬಿಡುಗಡೆಯಾದ ಮೇಲೆ ದೂರವಾದವರು ಐವತ್ತು ವರ್ಷದ ನಂತರ ಒಂದು ಟಿವಿ ಸಂದರ್ಶನಕ್ಕಾಗಿ ಮತ್ತೆ ಎದುರಾಗುತ್ತಾರೆ. ಕ್ಯಾಮೆರಾ ಮುಂದೆ ಒಂದು ಮಾತು, ಹೋಟೆಲ್ ರೂಮಿನಲ್ಲಿ ಇನ್ನೊಂದು ಮಾತು. ನಾಟಕವೆಲ್ಲಾ ಇಷ್ಟರಲ್ಲೇ ನಡೆಯುತ್ತದೆ.

ಪಾತ್ರಗಳು ಕಲ್ಪನೆ, ಹಿಂದಿನ ಕಥೆ ನಿಜ. 1942ರ ಫೆಬ್ರವರಿ 12ರಂದು, ಸಿಂಗಪುರ ಜಪಾನಿನ ಕೈಗೆ ಬೀಳಲು ಮೂರೇ ದಿನ ಇರುವಾಗ, ‘ವೈನರ್ ಬ್ರೂಕ್’ ಎಂಬ ಹಡಗು 65 ಆಸ್ಟ್ರೇಲಿಯನ್ ನರ್ಸ್‌ಗಳನ್ನೂ ಇತರರನ್ನೂ ಹತ್ತಿಸಿಕೊಂಡು ಹೊರಟಿತು. ಸುಮಾತ್ರಾದ ಪಕ್ಕದ ಬಂಕಾ ದ್ವೀಪದ ಹತ್ತಿರ ಬಾಂಬ್ ಬಿದ್ದು ಮುಳುಗಿತು. 12 ನರ್ಸ್‌ಗಳು ನೀರುಪಾಲಾದರು. ಒಂದು ಕಡೆ ದಡ ಸೇರಿದ 22 ನರ್ಸ್‌ಗಳನ್ನು ಜಪಾನಿ ಸೈನಿಕರು ಸಮುದ್ರಕ್ಕೆ ಇಳಿಸಿ ಬೆನ್ನಿಗೆ ಗುಂಡು ಹೊಡೆದರು. ಅವರಲ್ಲಿ ಬದುಕಿ ಉಳಿದವರು ವಿವಿಯನ್ ಬುಲ್‌ವಿಂಕೆಲ್ ಒಬ್ಬರೇ. ಅವರೂ, ಬೇರೆ ಕಡೆ ದಡ ಸೇರಿ ಸೆರೆಸಿಕ್ಕ 31 ನರ್ಸ್‌ಗಳೂ ಸೇರಿ 32 ಜನ ಮೂರೂವರೆ ವರ್ಷ ಬಂಕಾ ಮತ್ತು ಸುಮಾತ್ರಾದ ಶಿಬಿರಗಳಲ್ಲಿ ಹಸಿವು, ಮಲೇರಿಯಾ, ಬೆರಿಬೆರಿಯ ನಡುವೆ ಕಳೆದರು. 8 ಜನ ಅಲ್ಲೇ ಸತ್ತರು. ಊರಿಗೆ ಮರಳಿದ್ದು 24 ಜನ.

ಇಂಥ ಜಾಗದಲ್ಲಿ ಆ ಹೆಂಗಸರು ಹಾಡಿದರು! ಸುಮಾತ್ರಾದ ಪಾಲೆಂಬಾಂಗ್ ಶಿಬಿರದಲ್ಲಿ ಮಾರ್ಗರೆಟ್ ಡ್ರೈಬರ್ಗ್ ಎಂಬ ಮಿಷನರಿ ಟೀಚರ್ ಇದ್ದರು. ಲಂಡನ್ನಿನಲ್ಲಿ ಸಂಗೀತ ಕಲಿತ ನೋರಾ ಚೇಂಬರ್ಸ್ ಇದ್ದರು. ವಾದ್ಯ ಒಂದೂ ಇಲ್ಲ. ಡ್ರೈಬರ್ಗ್ ದೊಡ್ಡ ದೊಡ್ಡ ಕೃತಿಗಳ ಸ್ವರಗಳನ್ನು ನೆನಪಿನಿಂದಲೇ ಬರೆದರು. ಪಿಟೀಲಿನ ಭಾಗ, ಪಿಯಾನೋ ಭಾಗ ಎಲ್ಲವನ್ನೂ ಹೆಂಗಸರ ಗಂಟಲಿಗೆ ಹಂಚಿದರು. ಸಾಹಿತ್ಯವಿಲ್ಲದೆ ಬರೀ ಆ-ಕಾರ, ಊ-ಕಾರ. ಮೊದಲ ಕಛೇರಿ ನಡೆದದ್ದು 1943ರ ಡಿಸೆಂಬರ್ 27ರಂದು. 1945ರ ಹೊತ್ತಿಗೆ ಹಾಡುತ್ತಿದ್ದವರಲ್ಲಿ ಸುಮಾರು ಅರ್ಧ ಜನ ತೀರಿಕೊಂಡು ಹಾಡು ನಿಂತಿತು. ಡ್ರೈಬರ್ಗ್ ಕೂಡ ಆ ಏಪ್ರಿಲ್‌ನಲ್ಲಿ ಹೋದರು. ಬಿಡುಗಡೆಗೆ ಇನ್ನು ಕೆಲವೇ ತಿಂಗಳಿತ್ತು.

ಮೊನ್ನೆ ಬ್ರಿಡಿಯ ಪಾತ್ರ ಓದಿದವರು ನಿವೃತ್ತ ಸ್ಟಾಫ್ ನರ್ಸ್. ಎಲ್ಲರೂ ಅವರನ್ನು ಸಿಸ್ಟರ್ ಅಂತಲೇ ಕರೆಯುವುದು. ಶೀಲಾ ಒಂದು ಕಡೆ ತಡವರಿಸಿದಾಗ ಸಿಸ್ಟರ್ ಹಾಳೆಯನ್ನು ತೊಡೆಯ ಮೇಲಿಟ್ಟು ಅವಳ ಮಣಿಕಟ್ಟು ಹಿಡಿದುಕೊಂಡರು. ಮೂರು ಬೆರಳು ನಾಡಿಯ ಮೇಲೆ, ಕಣ್ಣು ಗೋಡೆ ಗಡಿಯಾರದ ಮೇಲೆ. ಯಾರೂ ಹೇಳಿಕೊಟ್ಟದ್ದಲ್ಲ. ಆ ಕೈಗೆ ಅದೇ ಅಭ್ಯಾಸ.

ಈಗ ನಾಟಕದ ಗಂಟು. ಶಿಬಿರದಲ್ಲಿ ಬ್ರಿಡಿ ಜ್ವರ ಬಂದು ಸಾಯುವ ಹಾಗಿದ್ದಾಗ ಶೀಲಾ ಎಲ್ಲಿಂದಲೋ ಕ್ವಿನೈನ್ ಮಾತ್ರೆ ತಂದು ಉಳಿಸಿರುತ್ತಾಳೆ. ಬ್ರಿಡಿಗೆ ಅಪ್ಪ ಕೊಟ್ಟಿದ್ದ ಶೂ-ಹಾರ್ನ್ ಮಾರಿ ತಂದೆ ಅಂದಿರುತ್ತಾಳೆ. ಬ್ರಿಡಿ ಅದನ್ನೇ ನಂಬಿಕೊಂಡು ಮುದುಕಿಯಾಗಿದ್ದಾಳೆ. ಈಗ ಶೀಲಾ ಅದೇ ಶೂ-ಹಾರ್ನನ್ನು ಹೊರಗೆ ತೆಗೆಯುತ್ತಾಳೆ. ಮಾರಿರಲೇ ಇಲ್ಲ. ಮಾತ್ರೆಗಾಗಿ ಆ ಹುಡುಗಿ ಕಾವಲುಗಾರರಿಗೆ ತನ್ನ ದೇಹ ಒಪ್ಪಿಸಿದ್ದಳು.

ಒಬ್ಬ ಸೈನಿಕ ಗೆಳೆಯನನ್ನು ಉಳಿಸಲು ಗುಂಡಿಗೆ ಎದೆಯೊಡ್ಡಿದರೆ ನಾವು ಸರ್ಕಲ್‌ನಲ್ಲಿ ಪ್ರತಿಮೆ ನಿಲ್ಲಿಸುತ್ತೇವೆ. ಶೀಲಾ ಮಾಡಿದ್ದೂ ಅದನ್ನೇ ಅಲ್ವಾ? ಆದರೆ ಅವಳು ಅದನ್ನು ತಪ್ಪಿನ ಹಾಗೆ ಮುಚ್ಚಿಟ್ಟುಕೊಂಡು ಬದುಕಬೇಕಾಯಿತು. ಮದುವೆಯಾಗಲಿಲ್ಲ, ಪ್ರಾಣ ಉಳಿಸಿದ ಗೆಳತಿಯ ಮುಖವನ್ನೂ ನೋಡಲಿಲ್ಲ. ಜಪಾನಿಯರು ಅವಳನ್ನು ಮೂರೂವರೆ ವರ್ಷ ಕೂಡಿ ಹಾಕಿದರು. ಆಮೇಲಿನ ಐವತ್ತು ವರ್ಷ ಕೂಡಿ ಹಾಕಿದ್ದು ಅವಳದೇ ಜನ, ‘ಮಾನ ಹೋದವಳು’ ಎಂಬ ಆ ಒಂದು ನೋಟ. ನನಗೆ ಕೋಪ ಬರುವುದು ಇಲ್ಲಿ.

ನಾಟಕಕಾರ ಸುಮ್ನೆ ಕಟ್ಟಿದ್ದಲ್ಲ ಇದು. ಬುಲ್‌ವಿಂಕೆಲ್ 1946ರಲ್ಲಿ ಟೋಕಿಯೋದ ಯುದ್ಧಾಪರಾಧ ವಿಚಾರಣೆಯಲ್ಲಿ ಹತ್ಯಾಕಾಂಡದ ಬಗ್ಗೆ ಸಾಕ್ಷಿ ಹೇಳಿದರು. ಆದರೆ ಗುಂಡು ಹೊಡೆಯುವ ಮೊದಲು ಆ ನರ್ಸ್‌ಗಳ ಮೇಲೆ ಅತ್ಯಾಚಾರ ನಡೆದಿತ್ತೆಂದೂ, ಅದನ್ನು ಬಾಯಿ ಬಿಡಬೇಡ ಎಂದು ಅವರಿಗೆ ಮೇಲಿನವರೇ ತಾಕೀತು ಮಾಡಿದ್ದರೆಂದೂ ಇತಿಹಾಸಕಾರರು ಹೇಳಿದ್ದು 2019ರಲ್ಲಿ. ಬುಲ್‌ವಿಂಕೆಲ್ 2000ದಲ್ಲೇ ತೀರಿಕೊಂಡಿದ್ದರು.

ಓದು ಮುಗಿದ ಮೇಲೆ ಹಿರಿಯರೊಬ್ಬರು ಕೇಳಿದರು: “ಸಿಸ್ಟರ್, ನೇತಾಜಿ ಜಪಾನಿನ ಜೊತೆ ಇದ್ದರಲ್ಲ? ಬಿಳಿ ಹೆಂಗಸರ ಕಥೆ ತಂದು ನಾವ್ಯಾಕೆ ಜಪಾನನ್ನು ಬೈಯಬೇಕು?” ಸಿಸ್ಟರ್, “ನೋವಿಗೆ ಬಣ್ಣ ಎಲ್ಲಿದೆ ಸಾರ್” ಅಂದು ಸುಮ್ಮನಾದರು. ನಾನು ಸ್ವಲ್ಪ ಜಾಸ್ತಿ ಹೇಳುತ್ತೇನೆ. ನೇತಾಜಿ ಪೋರ್ಟ್ ಬ್ಲೇರ್‌ನಲ್ಲಿ ಬಾವುಟ ಹಾರಿಸಿದ್ದು 1943ರ ಡಿಸೆಂಬರ್ 30ರಂದು, ಆ ಹೆಂಗಸರು ಮೊದಲ ಸಲ ಹಾಡಿದ ಮೂರು ದಿನಕ್ಕೆ. ಸರಿಯಾಗಿ ಒಂದು ತಿಂಗಳ ಮೇಲೆ, 1944ರ ಜನವರಿ 30ರಂದು, ಆಗ ಜಪಾನಿನ ವಶದಲ್ಲಿದ್ದ ಅದೇ ಅಂಡಮಾನಿನ ಹಂಫ್ರೆಗಂಜ್‌ನಲ್ಲಿ ಜಪಾನಿಯರು 44 ಭಾರತೀಯರನ್ನು ಗೂಢಚಾರರೆಂದು ಸಾಲಾಗಿ ಕೊಂದರು. ಜಪಾನಿಯರು ಹಾಕಿಸುತ್ತಿದ್ದ ಬರ್ಮಾ ರೈಲು ಹಾದಿಯ ಕೆಲಸಕ್ಕೆ ಮಲಯಾದಿಂದ ಒಯ್ದ ತಮಿಳು ಕೂಲಿಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತರು. ನೇತಾಜಿಯ ಮೇಲಿನ ಗೌರವ ನನಗೂ ಇದೆ. ಅದನ್ನು ಉಳಿಸಿಕೊಳ್ಳಲು ಇದನ್ನೆಲ್ಲ ಮರೆಯಬೇಕಾಗಿಲ್ಲ.

ದೂರದ ಕಥೆ ಅನ್ನುವವರಿಗೆ ಇನ್ನೊಂದು ಮಾತು. 2014ರಲ್ಲಿ ಇರಾಕಿನ ತಿಕ್ರಿತ್ ಆಸ್ಪತ್ರೆಯಿಂದ ಉಗ್ರರು ಮೋಸುಲ್‌ಗೆ ಒಯ್ದದ್ದು ನಮ್ಮದೇ ದೇಶದ 46 ನರ್ಸ್‌ಗಳನ್ನು. ಪುಣ್ಯಕ್ಕೆ ಎಲ್ಲರೂ ಮರಳಿದರು. ನಮ್ಮ ತುಮಕೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದುವ ಹುಡುಗಿಯರೂ ನಾಳೆ ಎಲ್ಲೆಲ್ಲಿಗೋ ಕೆಲಸಕ್ಕೆ ಹೋಗುವವರೇ.

ಆಡುವವರಲ್ಲಿ ನನ್ನದೊಂದು ಬೇಡಿಕೆ. ಕೋರಸ್ ಜಾಗದಲ್ಲಿ ರೆಕಾರ್ಡೆಡ್ ಪಿಟೀಲು ಹಾಕಬೇಡಿ, ಹಾಡುವವರು ಎದುರಿಗೇ ಕೂತು ಹಾಡಲಿ. ಶೀಲಾ ಗುಟ್ಟು ಬಿಚ್ಚುವಾಗ ಹಿನ್ನೆಲೆ ಸಂಗೀತವೇ ಬೇಡ. ಅರವತ್ತು ದಾಟಿದ ಕಲಾವಿದೆಯರನ್ನೇ ಹುಡುಕಿ, ಹರೆಯದವರಿಗೆ ಬಿಳಿ ವಿಗ್ ಹಾಕಬೇಡಿ. ನಮ್ಮ ರಂಗದಲ್ಲಿ ಆ ವಯಸ್ಸಿನ ಹೆಂಗಸಿಗೆ ಅಜ್ಜಿ ಪಾತ್ರ ಬಿಟ್ಟು ಇನ್ನೇನು ಸಿಗುತ್ತದೆ ಹೇಳಿ? ಇಲ್ಲಿ ಇಡೀ ನಾಟಕ ಅವರಿಬ್ಬರದೇ.

ತಂಡದವರು ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಆಡುವ ಆಸೆಯಲ್ಲಿದ್ದಾರೆ. ಬಾಡಿಗೆಗೆ ದುಡ್ಡು ಹೊಂದಿಸಬೇಕು, ನನ್ನ ಪಾಲು ಕೊಟ್ಟಿದ್ದೇನೆ. ಕೋರಸ್‌ಗೆ ಹೆಂಗಸರು ಬೇಕು. ರಂಗದ ಅನುಭವ ಇಲ್ಲದಿದ್ದರೂ ಪರವಾಗಿಲ್ಲ, ಶ್ರುತಿಯಲ್ಲಿ ನಿಂತರೆ ಸಾಕು. ಇಷ್ಟ ಇದ್ದವರು ಇನ್‌ಬಾಕ್ಸ್ ಮಾಡಿ, ಅವರಿಗೆ ತಲುಪಿಸುತ್ತೇನೆ.