ಮಂಡೆ ಬೆಚ್ಚ

ನಮ್ಮ ಮಂಗಳೂರಿನವರಿಗೆ ತಲೆಬಿಸಿ ಎಂದರೆ ಮಂಡೆ ಬೆಚ್ಚ. ಬಸ್ಸು ತಪ್ಪಿದರೆ ಮಂಡೆ ಬೆಚ್ಚ, ಬಂಗುಡೆಯ ರೇಟು ಕೇಳಿದರೆ ಮಂಡೆ ಬೆಚ್ಚ, ನೆಂಟರು ಫೋನ್ ಮಾಡದೆ ಬಂದರೂ ಮಂಡೆ ಬೆಚ್ಚ. ನಲವತ್ತೆರಡು ವರ್ಷ ನಾನು ಇದನ್ನು ಬರೀ ಮಾತು ಅಂದುಕೊಂಡಿದ್ದೆ. ಕಳೆದ ನವರಾತ್ರಿಗೆ ನಾಲ್ಕು ದಿನ ಇರುವಾಗ ಬಚ್ಚಲಿನಲ್ಲಿ ಬಕೆಟ್ ಮಗುಚಿ ಹಾಕಿ ಕೂತು, ತಲೆಗೆ ಪ್ಲಾಸ್ಟಿಕ್ ಸುತ್ತಿಕೊಂಡು, ಅದೇ ಹೊತ್ತಿಗೆ ಕರೆಂಟೂ ಹೋಗಿ, ನೆತ್ತಿಗೆ ಕೈಯಿಟ್ಟು ನೋಡಿದೆ. ಆಗಷ್ಟೇ ಒಲೆಯಿಂದ ಇಳಿಸಿದ ಗಂಜಿ ಪಾತ್ರೆಯ ಮುಚ್ಚಳದ ಹಾಗೆ ಸುಡುತ್ತಿತ್ತು.

ಆ ಬಕೆಟ್ ಮೇಲೆ ಹೋಗಿ ಕೂರುವುದಕ್ಕೆ ಕಾರಣ ಇತ್ತು, ಅದೂ ಒಳ್ಳೆಯ ಕಾರಣವೇ. ನನಗೆ ಬಲಗಿವಿಯ ಮೇಲೆ ಹದಿನೇಳು ಬಿಳಿ ಕೂದಲು. ಎಣಿಸಿದ್ದೇನೆ. ಅವನ್ನು ಅಡಗಿಸಲಿಕ್ಕೆ ತಿಂಗಳಿಗೊಮ್ಮೆ ಮೆಹಂದಿ, ಅದರ ಮೇಲೆ ನೀಲಿ ಸೊಪ್ಪಿನ ಪುಡಿ, ಒಟ್ಟು ಅರ್ಧ ಭಾನುವಾರ ಹಾಳು. ಆಗ ಒಂದು ದಿನ ಹೊಳೆಯಿತು: ಬಿಳಿಯನ್ನು ಕರಿ ಮಾಡುವ ಬದಲು ಕರಿಯನ್ನೇ ಬೆಳ್ಳಗೆ ಮಾಡಿಬಿಟ್ಟರೆ? ಚಿನ್ನದ ಬಣ್ಣದ ಕೂದಲಿನ ನಡುವೆ ಹದಿನೇಳು ಬಿಳಿ ಎಳೆಯನ್ನು ಯಾರು ಹುಡುಕುತ್ತಾರೆ? ಈ ತರ್ಕದಲ್ಲಿ ಇವತ್ತಿಗೂ ನನಗೆ ತಪ್ಪು ಕಾಣುವುದಿಲ್ಲ.

ಪಾರ್ಲರಿನವಳಿಗೆ ಕಂಡಿತು. "ಮೆಹಂದಿ ಹಾಕಿದ ಕೂದಲಾ? ನಾನು ಮುಟ್ಟುವುದಿಲ್ಲ ಅಕ್ಕ" ಅಂದಳು. ಮತ್ತೆ ಮುಟ್ಟುವುದಾದರೆ ಎಷ್ಟು ಅಂತ ಒಂದು ಅಂಕಿ ಹೇಳಿದಳು. ಅದನ್ನು ಕೇಳಿದ ಮೇಲೆ ನನಗೆ ಸ್ವಾವಲಂಬನೆಯಲ್ಲಿ ನಂಬಿಕೆ ಬಂತು.

ಸಾಮಾನು ಜಾಸ್ತಿ ಇಲ್ಲ. ಒಂದು ಡಬ್ಬಿ ಬ್ಲೀಚ್ ಪುಡಿ, ತಿಳಿನೀಲಿ ಬಣ್ಣದ್ದು. ಒಂದು ಬಾಟಲಿ ಡೆವಲಪರ್, ಅಂದರೆ ಹೈಡ್ರೋಜನ್ ಪೆರಾಕ್ಸೈಡ್. ಫ್ರಾನ್ಸಿನ ಥೆನಾರ್ ಎಂಬ ರಸಾಯನಶಾಸ್ತ್ರಜ್ಞ 1818ರಲ್ಲಿ ಕಂಡುಹಿಡಿದ ವಸ್ತು. ನಮಗೆಲ್ಲ ಶಾಲೆಯಲ್ಲಿ ಬಿದ್ದು ಮೊಣಕಾಲು ಕೆತ್ತಿದಾಗ ಬುಸುಬುಸು ನೊರೆ ಬರಿಸಿದ್ದು ಇದೇ. ಗಾಯದ್ದು ಶೇ. 3ರದ್ದು. ಕೂದಲಿನ ಬಾಟಲಿಗಳ ಮೇಲೆ ಮಾತ್ರ ಶೇಕಡಾ ಲೆಕ್ಕದ ಮೊದಲು ವಾಲ್ಯೂಮ್ ಲೆಕ್ಕ ಇರುತ್ತದೆ: 10 ಅಂದರೆ ಶೇ. 3, 20 ಅಂದರೆ 6, 30 ಅಂದರೆ 9, 40 ಅಂದರೆ 12. ಒಂದು ಲೀಟರ್ ದ್ರವದಿಂದ ಅಷ್ಟು ಲೀಟರ್ ಆಮ್ಲಜನಕ ಹೊರಡುತ್ತದೆ ಅಂತ ಅದರ ಅರ್ಥ. ಮನೆಯಲ್ಲಿ ಮಾಡುವವರಿಗೆ 20 ಸಾಕು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಕೂದಲು ದಪ್ಪ, ಅಜ್ಜಿಯ ಕಡೆಯದ್ದು, ಅಂತ ನಾನು 30 ತಂದೆ. ಅಜ್ಜಿ ಇದ್ದಿದ್ದರೆ ಬಾಟಲಿಯನ್ನು ತೋಡಿಗೆ ಎಸೆಯುತ್ತಿದ್ದರು.

ಒಂದು ಪಾಲು ಪುಡಿಗೆ ಎರಡು ಪಾಲು ದ್ರವ. ಲೋಹದ ಪಾತ್ರೆ ಕೂಡದು ಅಂತ ಡಬ್ಬಿಯ ಮೇಲೆಯೇ ಇತ್ತು, ಹಾಗಾಗಿ ಅಮ್ಮ ಫ್ರಿಜ್ಜಿನಲ್ಲಿ ಹಿಟ್ಟಿಡುವ ಪ್ಲಾಸ್ಟಿಕ್ ಡಬ್ಬ ಎತ್ತಿಕೊಂಡೆ. ನೀರುದೋಸೆಯ ಹದಕ್ಕೆ ಹೋದರೆ ಕಣ್ಣಿಗಿಳಿಯುತ್ತದೆ. ಉದ್ದಿನ ದೋಸೆಯ ಹದಕ್ಕೆ ನಿಲ್ಲಿಸಬೇಕು. ಇಷ್ಟು ನಾನು ಸರಿಯಾಗಿಯೇ ಮಾಡಿದೆ. ಎರಡು ದಿನ ಮೊದಲೇ ಕಿವಿಯ ಹಿಂದೆ ಚೂರು ಹಚ್ಚಿ ತುರಿಕೆ ಬರುತ್ತದಾ ನೋಡಬೇಕಿತ್ತು, ನೋಡಲಿಲ್ಲ. ಒಂದು ಎಳೆ ಕೂದಲು ಕತ್ತರಿಸಿ ಅದರ ಮೇಲೆ ಪರೀಕ್ಷೆ ಮಾಡಬೇಕಿತ್ತು, ಅದನ್ನೂ ಮಾಡಲಿಲ್ಲ. ದಿನಾ ಕುಚ್ಚಲಕ್ಕಿ ಬೆಂದಿತಾ ಅಂತ ಒಂದು ಅಗುಳು ಹಿಸುಕಿ ನೋಡುವವಳು ನಾನು. ಇಡೀ ಮಂಡೆಯ ವಿಷಯದಲ್ಲಿ ಒಂದು ಅಗುಳೂ ಹಿಸುಕಲಿಲ್ಲ.

ಎಲ್ಲಿಂದ ಶುರು ಮಾಡುವುದು? ಬಿಳಿ ಕೂದಲಿನ ಉಪದ್ರವ ಇರುವುದು ಬುಡದಲ್ಲಿ, ಹಾಗಾಗಿ ಬುಡದಿಂದಲೇ ಶುರು ಮಾಡಿದೆ. ಬುಡಕ್ಕೆ ಕೊನೆಗೆ ಹಚ್ಚಬೇಕು ಅಂತ ನನಗೆ ಗೊತ್ತಾದದ್ದು ಆಮೇಲೆ. ನೆತ್ತಿಯ ಶಾಖ ತಾಗಿ ಬುಡದ ಅರ್ಧ ಇಂಚು ಎಲ್ಲಕ್ಕಿಂತ ಬೇಗ ಬಿಳಿಚಿಕೊಳ್ಳುತ್ತದೆ. ಮಂಡೆ ಬೆಚ್ಚ ಅಂದದ್ದು ಅದಕ್ಕೇ. ಅದರ ಮೇಲೆ ನಮ್ಮೂರಿನ ಸೆಕೆ, ಅದರ ಮೇಲೆ ಕರೆಂಟಿಲ್ಲ.

"ಎಂಥ ವಾಸನೆ ಅದು? ಒಳಗೆ ಬೆಕ್ಕು ಉಚ್ಚೆ ಹೊಯ್ದಿದಾ?" ಅಮ್ಮ ಬಾಗಿಲು ಬಡಿದರು.

"ಇಲ್ಲಮ್ಮ, ನಾನೇ."

ಹೊರಗೆ ಸ್ವಲ್ಪ ಹೊತ್ತು ಮಾತಿಲ್ಲ.

ಚಿಲಕ ತೆಗೆದಾಗ ಅಮ್ಮ ಮೊದಲು ನೋಡಿದ್ದು ನನ್ನ ತಲೆಯನ್ನಲ್ಲ, ನನ್ನ ಕೈಯನ್ನು. ನಾನು ಬಾಳೆಹಣ್ಣಿನ ಸಿಪ್ಪೆ ಹಿಡಿದುಕೊಂಡಿದ್ದೆ. ಇದು ಹುಚ್ಚಲ್ಲ, ಕೂದಲು ಸಾಕಷ್ಟು ಬೆಳ್ಳಗಾಯಿತಾ ಅಂತ ತಿಳಿಯಲಿಕ್ಕೆ ಬಾಳೆಹಣ್ಣಿನ ಸಿಪ್ಪೆಯ ಒಳಮೈಯೇ ಅಳತೆ. ಆ ಮಾಸಲು ಹಳದಿ ಬಂದ ಮೇಲೆಯೇ ತೊಳೆಯಬೇಕು. ನಾನು ಕದಳಿ ಹಣ್ಣು ತಿಂದು ಸಿಪ್ಪೆಯನ್ನು ಕನ್ನಡಿಯ ಹತ್ತಿರ ಇಟ್ಟುಕೊಂಡಿದ್ದೆ. "ಬಚ್ಚಲಿಗೆ ಹೋಗಿ ಬಾಳೆಹಣ್ಣು ತಿನ್ನುವುದಾ? ನಿಂಗೆ ಮರ್ಲಾ?" ಅಂದರು ಅಮ್ಮ. ಆಮೇಲೆ ತಲೆ ನೋಡಿದರು. ಮರ್ಲು ಅನ್ನುವ ಪದ ಸಾಲದು ಅನ್ನಿಸಿರಬೇಕು, ಸುಮ್ಮನೆ ಹೋಗಿ ಜಗಲಿಯಲ್ಲಿ ಕೂತರು.

ತೊಳೆದ ಮೇಲೆ ಕಂಡದ್ದು ಮೂರು ಅಂತಸ್ತಿನ ಮಂಡೆ. ಬುಡದಲ್ಲಿ ಅರ್ಧ ಇಂಚು ಗೆಂದಾಳಿ ಬೊಂಡದ, ಅಂದರೆ ಎಳನೀರಿನ ಕಾಯಿಯ, ಹಳದಿ. ನಡುವೆ ಹೆಂಚು. ಹೋಲಿಕೆಗೆ ಹೇಳಿದ್ದಲ್ಲ, ಹೆಂಚೇ. 1865ರಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿ ಕಾರ್ಖಾನೆ ಹಾಕಿದಂದಿನಿಂದ ನಮ್ಮೂರಿನ ಮನೆಗಳ ನೆತ್ತಿಯ ಮೇಲೆ ಯಾವ ಬಣ್ಣ ಕೂತಿದೆಯೋ ಅದೇ. ತುದಿಯಲ್ಲಿ ವರ್ಷಗಳ ಮೆಹಂದಿಯ ಕೆಂಪು, ಅದರ ನಡುನಡುವೆ ಪಾಚಿಯ ಹಸುರು. ಆ ನೀಲಿ ಸೊಪ್ಪಿನ ಪುಡಿ ಬ್ಲೀಚಿಗೆ ಪೂರ್ತಿ ಬಿಟ್ಟುಕೊಡುವುದಿಲ್ಲ, ಹಸುರಾಗಿ ಉಳಿದುಬಿಡುತ್ತದೆ. ಪಾರ್ಲರಿನವಳು ಮುಟ್ಟುವುದಿಲ್ಲ ಅಂದದ್ದು ಇದಕ್ಕಾಗಿಯೇ ಇರಬೇಕು.

ಹೆಂಚಿನ ಬಣ್ಣಕ್ಕೂ ಕಾರಣ ಇದೆ. ನಮ್ಮ ಕರಿ ಕೂದಲು ಬರೀ ಕರಿಯಲ್ಲ. ಕಂದುಕಪ್ಪಿನ ಯೂಮೆಲನಿನ್ ಬ್ಲೀಚಿಗೆ ಬೇಗ ಸೋಲುತ್ತದೆ. ಕೆಂಪುಹಳದಿಯ ಫಿಯೋಮೆಲನಿನ್ ಹಠಮಾರಿ. ಹಾಗಾಗಿ ಕರಿ ಕೂದಲು ನೇರ ಚಿನ್ನಕ್ಕೆ ಹೋಗುವುದಿಲ್ಲ. ಕಂದು, ಕೆಂಪು, ಕಿತ್ತಳೆ, ಹಳದಿ ಅಂತ ಒಂದೊಂದು ಸ್ಟಾಪಿನಲ್ಲೂ ನಿಲ್ಲುತ್ತದೆ, ಥೇಟ್ ನಮ್ಮ ಸಿಟಿ ಬಸ್ಸು. ನನ್ನದು ಕಿತ್ತಳೆಯಲ್ಲಿ ಕೆಟ್ಟು ನಿಂತಿತ್ತು.

ಅದಕ್ಕೂ ಮದ್ದು ತಂದಿಟ್ಟಿದ್ದೆ: ನೇರಳೆ ಶಾಂಪೂ. ಮೂರು ನಿಮಿಷ ಇಡಿ ಅಂದಿತ್ತು; ನನ್ನ ಸ್ಥಿತಿಗೆ ಮೂರು ಸಾಲದು ಅಂತ ಇಪ್ಪತ್ತೈದು ಇಟ್ಟೆ. ಹೆಂಚು ಹೆಂಚಾಗಿಯೇ ಉಳಿಯಿತು. ಹಳದಿ ಸ್ವಲ್ಪ ತಗ್ಗಿತು. ಆದರೆ ಬಲಗಿವಿಯ ಮೇಲಿನ ಆ ಬಿಳಿ ಕೂದಲುಗಳಿಗೆ ಬಣ್ಣವೇ ಇಲ್ಲವಲ್ಲ, ಬ್ಲೀಚಿಗೆ ಸಿಕ್ಕಿ ಸ್ಪಂಜಿನಂತಾಗಿದ್ದವು. ಅವು ಶಾಂಪೂವನ್ನು ಹೊಟ್ಟೆ ತುಂಬ ಕುಡಿದವು. ಯಾವ ಹದಿನೇಳನ್ನು ಅಡಗಿಸಲಿಕ್ಕೆ ಇಷ್ಟೆಲ್ಲ ಮಾಡಿದೆನೋ, ಅವೇ ಹದಿನೇಳು ಈಗ ನೇರಳೆ ಹಣ್ಣಿನ ಬಣ್ಣ. ಬೇರೆಯವರು ಎಣಿಸಬಹುದು, ದೂರದಿಂದ.

ಅಮ್ಮ ಜಗಲಿಯಿಂದಲೇ ಕೇಳಿದರು, "ಹಳದಿ ಹೋಗಲಿಕ್ಕೆ ಎಂಥ ಹಾಕಿದ್ದು?"

"ನೇರಳೆ."

"ಅಪ್ಪನ ಪಂಚೆ ಹಳದಿ ತಿರುಗಿದರೆ ನಾನೆಂಥ ಹಾಕುವುದು?"

"ನೀಲಿ."

"ಮತ್ತೆ?"

ಎದುರು ಬಣ್ಣ ಎದುರು ಬಣ್ಣವನ್ನು ಕೊಲ್ಲುತ್ತದೆ: ಹಳದಿಗೆ ನೇರಳೆ, ಕಿತ್ತಳೆಗೆ ನೀಲಿ. ನನ್ನ ತಲೆ ಬಹುಪಾಲು ಕಿತ್ತಳೆ. ಇಷ್ಟನ್ನು ತಿಳಿಯಲಿಕ್ಕೆ ನಾನು ಮೂರು ರಾತ್ರಿ ವಿಡಿಯೋ ನೋಡಿದ್ದೆ, ಅಮ್ಮ ನಲವತ್ತು ವರ್ಷದಿಂದ ಬಟ್ಟೆ ಒಗೆದಿದ್ದರು. ಅವರು ಎದ್ದು ಒಳಗೆ ಹೋಗಿ ಬಟ್ಟೆಗೆ ಹಾಕುವ ನೀಲಿಯ ಬಾಟಲಿಯನ್ನೇ ತಂದಾಗ ಮಾತ್ರ ನಾನು ಬಾಗಿಲು ಹಾಕಿಕೊಂಡೆ.

ಒಣಗಿದ ಮೇಲೆ ಕೂದಲು ಕೂದಲಿನ ಹಾಗಿರಲಿಲ್ಲ, ತೆಂಗಿನ ನಾರಿನ ಹಾಗಿತ್ತು. ಒಂದು ಎಳೆ ಒದ್ದೆ ಮಾಡಿ ಎರಡು ಬೆರಳಲ್ಲಿ ಹಿಡಿದು ಎಳೆದೆ. ಬಿಸಿ ಶ್ಯಾವಿಗೆಯ ಹಾಗೆ ಉದ್ದಕ್ಕೆ ಬಂತು, ಬಂತು, ಇನ್ನೂ ಬಂತು, ಸದ್ದಿಲ್ಲದೆ ತುಂಡಾಯಿತು. ಆರೋಗ್ಯವಂತ ಕೂದಲು ಸ್ವಲ್ಪ ಹಿಗ್ಗಿ ವಾಪಸು ಹೋಗುತ್ತದಂತೆ. ನನ್ನದಕ್ಕೆ ವಾಪಸು ಹೋಗುವ ಮನಸ್ಸೇ ಇರಲಿಲ್ಲ. ಇನ್ನೊಮ್ಮೆ ಬ್ಲೀಚ್ ಮಾಡುವ ಯೋಚನೆ ಅಲ್ಲಿಗೆ ಮುಗಿಯಿತು.

ಮರುದಿನ ಕಂದು ಬಣ್ಣದ ಡಬ್ಬಿ ತರಲಿಕ್ಕೆ ಹಂಪನಕಟ್ಟೆಗೆ ಹೋದೆ. ಪಣಂಬೂರಿನ ಬಂದರಿಗೆ ಪ್ರವಾಸಿ ಹಡಗು ಬಂದ ದಿನ ಪೇಟೆಯ ರಿಕ್ಷಾದವರಿಗೆ ಸುಗ್ಗಿ. ಅವತ್ತು ಹಡಗು ಬಂದಿತ್ತೋ ಇಲ್ಲವೋ, ಹಿಂದಿನಿಂದ ನೋಡಿದರೆ ನಾನಂತೂ ಹಡಗಿನಿಂದ ಇಳಿದು ಬಂದವಳೇ. "ಮೇಡಂ! ಚಾಪೆಲ್? ಕದ್ರಿ ಟೆಂಪಲ್? ಓನ್ಲಿ ಫೈವ್ ಹಂಡ್ರೆಡ್!" ತಿರುಗಿದೆ. ಅವನ ಮುಖದಲ್ಲಿ ಸುಗ್ಗಿ ಮುಗಿಯಿತು. "ಓ, ಊರಿನವರಾ... ಎಲ್ಲಿಗೆ ಹೋಗಬೇಕು ಮಾರ್ರೆ?" ಅಂದ. ಮೀಟರ್ ಹಾಕಿದ. ಇಡೀ ಪ್ರಕರಣದಲ್ಲಿ ನನಗಾದ ಲಾಭ ಇಷ್ಟೇ.

ಅಂಗಡಿಯ ಹುಡುಗಿ ನನ್ನ ಕೈಯಿಂದ ಡಬ್ಬಿ ವಾಪಸು ಇಸಕೊಂಡಳು. ಬ್ಲೀಚ್ ಆದ ಕೂದಲಿಗೆ ನೇರ ಕಂದು ಹಾಕಿದರೆ ಹಸುರು ಹೊಡೆಯುತ್ತದಂತೆ. ಮೊದಲು ಕೆಂಪು ತುಂಬಿಸಿ ಆಮೇಲೆ ಕಂದು ಹಾಕಬೇಕಂತೆ. ಅಂದರೆ ನಿನ್ನೆ ದುಡ್ಡು ಕೊಟ್ಟು ಓಡಿಸಿದ ಕೆಂಪನ್ನು ಇವತ್ತು ದುಡ್ಡು ಕೊಟ್ಟು ಕರೆದುಕೊಂಡು ಬರುವುದು. ಎರಡೂ ಡಬ್ಬಿ ತಂದೆ. ಅದಕ್ಕೆ ಮೊದಲು ಒಂದು ವಾರ ಎಣ್ಣೆ ಹಚ್ಚಿ ಕೂದಲಿಗೆ ವಿಶ್ರಾಂತಿ ಕೊಡಿ ಅಂದಳು. ಹಾಗಾಗಿ ನವರಾತ್ರಿಯ ಅರ್ಧವನ್ನು ಅದೇ ತಲೆಯಲ್ಲಿ ಕಳೆಯಬೇಕಾಯಿತು.

ಐದನೆಯ ದಿನ ನಮ್ಮ ಗಲ್ಲಿಗೆ ತಾಸೆಯ ಪೆಟ್ಟು ಕೇಳಿತು. ಪಿಲಿವೇಷದವರು, ಅಂದರೆ ಮೈಗೆ ಹುಲಿಬಣ್ಣ ಬಳಿದು ಕುಣಿಯುವವರು. ಅಂಗಳದಲ್ಲಿ ದೊಡ್ಡ ಹುಲಿಗಳು ಕುಣಿಯುವಾಗ ಸುಮಾರು ಎಂಟು ವರ್ಷದ ಒಂದು ಮರಿಹುಲಿ ಬಣ್ಣ ಉಜ್ಜಿ ಹೋಗದ ಹಾಗೆ ಎರಡೂ ಕೈ ಅಗಲಿಸಿಕೊಂಡು ನನ್ನ ಪಕ್ಕ ಬಂದು ನಿಂತಿತು. ನನ್ನ ತಲೆಯನ್ನು ಬುಡದಿಂದ ತುದಿಯವರೆಗೆ ನೋಡಿತು. ನಗಲಿಲ್ಲ. ನೋಡಿದ್ದು ಕಸುಬುದಾರನ ಹಾಗೆ.

"ಪೈಂಟ್ ಯಾರದ್ದು ಅಕ್ಕ?"

"ನಾನೇ ಮಾಡಿದ್ದು."

ಇನ್ನೊಮ್ಮೆ ನೋಡಿತು. "ಪಟ್ಟೆ ಎಳೆಯಲಿಕ್ಕೆ ಬಾಕಿ ಉಂಟಲ್ವಾ?"

ಬಾಕಿ ಉಂಟು ಅಂದೆ.